ಕಲ್ಯಾಣದಲ್ಲಿ ಕಂಡ ನೀಲಕಂಠ

ದಸರೆಯ ಹಿಂದಿನ ಸಂಜೆ ಠಾಣೆ ರೈಲ್ವೆ ಸ್ಟೇಷನ್ನಿನಿಂದ ಪನ್ವೇಲ್ ಕಡೆ ಹೊರಡುವ ಲೋಕಲ್ ಗಾಡಿಯ ಹೆಂಗಸರ ಡಬ್ಬಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಉಸಿರಾಡಲು ಒಂದೇ ವಾಸನೆ ಇರುತ್ತದೆ, ಚೆಂಡುಹೂವಿನದು. ತಲೆಯ ಮೇಲಿನ ಕಂಬಿಯಲ್ಲಿ, ಕಾಲಡಿಯಲ್ಲಿ, ಮಡಿಲಲ್ಲಿ ಪ್ಲಾಸ್ಟಿಕ್ ಚೀಲಗಳ ತುಂಬ ಒದ್ದೆ ಹೂವು. ಗಿಡದ ಮೇಲಿನ ತಾಜಾ ವಾಸನೆಯಲ್ಲ ಅದು. ಬೆಳಗಿನಿಂದ ಬಿಸಿಲಿಗೆ ಬಾಡಿ, ಮಾರುವವನ ಕೈಯಿಂದ ನೀರು ಚಿಮುಕಿಸಿಕೊಂಡು, ಚೀಲದೊಳಗೆ ಬೆವೆತು, ಒಂದಿಷ್ಟು ಕೊಳೆಯಲು ಶುರುವಾದ ಹೂವಿನ ಕಹಿ ವಾಸನೆ. ಉಳಿದವರೆಲ್ಲ ಅದನ್ನು ಹಬ್ಬದ ವಾಸನೆ ಎಂದು ಎದೆ ತುಂಬ ಎಳೆದುಕೊಳ್ಳುತ್ತಾರೆ. ನಾನು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತೇನೆ. ಹಬ್ಬ ಬಂದರೆ ಮೂಗು ಮುಚ್ಚಿಕೊಳ್ಳುವ ಇವಳೆಂಥ ಹೆಂಗಸು ಎಂದು ನೀವು ಕೇಳಬಹುದು. ಪೂರ್ತಿ ಓದಿ, ಆಮೇಲೆ ಕೇಳಿ.

ಹೋದ ದಸರೆಯ ಹಿಂದಿನ ದಿನ ಆ ವಾಸನೆಯನ್ನು ಸೀರೆಗೆ ಅಂಟಿಸಿಕೊಂಡು ಖಾರಘರದ ಮನೆಗೆ ಬಂದಾಗ ಮಗಳು ಕುತ್ತಿಗೆಗೆ ದುರ್ಬೀನು ನೇತುಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಳು. "ಮಮ್ಮಿ, ಪಾರ್ಕ್ ಮೇ ಕಿಸೀ ಕೋ ರೋಲರ್ ದಿಖಾ ಹೈ! ಕಲ್ ಸುಬಹ್ ಚಲೋಗೀ ನಾ?" ಎಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಪಾರ್ಕಿನಲ್ಲಿ ಯಾರಿಗೋ ಕಂಡಿತೆಂಬ ಆ ರೋಲರ್ ಹಕ್ಕಿಯ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದಳು. ನೋಡಿದೆ. ನೀಲಕಂಠ. ಮರುದಿನ ಬೆಳಿಗ್ಗೆ ಇಬ್ಬರೂ ಪಾರ್ಕಿಗೆ ಹೋದೆವು. ಗುಡ್ಡದ ಕಡೆಯ ತಂತಿಗಳನ್ನೆಲ್ಲ ನೋಡಿದೆವು, ದೀಪದ ಕಂಬಗಳನ್ನು ನೋಡಿದೆವು, ಎಲೆಯುದುರಿದ ಕೊಂಬೆಗಳನ್ನು ನೋಡಿದೆವು. ಪಾರಿವಾಳ, ಮೈನಾ, ಕಾಗೆ ಬಿಟ್ಟರೆ ಏನೂ ಇಲ್ಲ. ಬಿಸಿಲೇರಿದ ಮೇಲೆ ಅವಳು ಬಾಟಲಿಯ ನೀರು ಕುಡಿದು, "ಕೋಯೀ ಬಾತ್ ನಹೀ, ನೆಕ್ಸ್ಟ್ ಟೈಮ್" ಎಂದು ನಕ್ಕುಬಿಟ್ಟಳು. ಹಕ್ಕಿ ಕಾಣದಿದ್ದರೆ ನಕ್ಕು ಮನೆಗೆ ಹೋಗಬಹುದಾದ ಕಾಲದಲ್ಲಿ ಅವಳು ಹುಟ್ಟಿದ್ದಾಳೆ, ಅವಳ ಪುಣ್ಯ. ನಮ್ಮ ಮನೆಯಲ್ಲಿ ಆ ಹಕ್ಕಿ ಕಾಣುತ್ತದೋ ಇಲ್ಲವೋ ಎಂಬುದರ ಮೇಲೆ ಒಬ್ಬ ಹೆಣ್ಣುಮಗಳ ಬದುಕು ನಿಂತಿತ್ತು. ಅವಳು ನನ್ನ ಕಸ್ತೂರತ್ತಿ, ಅಪ್ಪನ ತಂಗಿ.

ನಾನು ಚಿಕ್ಕವಳಿದ್ದಾಗ ನಾವು ಠಾಣೆಯಾಚೆಯ ಕಲ್ಯಾಣ ಸ್ಟೇಷನ್ನಿನ ಪೂರ್ವಕ್ಕೆ, ರೈಲ್ವೆ ಯಾರ್ಡಿನ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ ಚಾಳಿನ, ಎಂದರೆ ಸಾಲುಮನೆಗಳ, ಒಂದೇ ಖೋಲಿಯಲ್ಲಿದ್ದೆವು. ಅಪ್ಪ ಡೊಂಬಿವಲಿಯ ಬಣ್ಣದ ಕಾರ್ಖಾನೆಯೊಂದರಲ್ಲಿ ಡ್ರಮ್ಮು ಎತ್ತುತ್ತಿದ್ದ. ಅವನ ಬನಿಯನ್ನು ಒಂದು ವಾರ ಹಳದಿ, ಒಂದು ವಾರ ಗುಲಾಬಿ. ಅವನ ತಮ್ಮ, ನಮ್ಮ ಕಾಕಾ, ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ಮೂಟೆ ಹೊರುತ್ತಿದ್ದ. ಅವನು ಒಳಗೆ ಬಂದರೆ ಖೋಲಿಯೆಲ್ಲ ಗೋಣಿಚೀಲದ ಧೂಳಿನ ವಾಸನೆ. ಇವರ ನಡುವೆ ಅವ್ವ, ನಾನು. ಎಲ್ಲರ ಮೇಲೆ ಆಯಿ. ಅಪ್ಪನ ತಾಯಿಯನ್ನು ನಮ್ಮ ಕಲಬುರಗಿ ಕಡೆ ಆಯಿ ಎನ್ನುತ್ತಾರೆ, ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಹಾಗಾಗಿ ಚಾಳಿನ ಅರ್ಧ ಜನ ಅವಳೇ ನನ್ನನ್ನು ಹೆತ್ತವಳೆಂದೂ ಅವ್ವ ಮನೆಗೆಲಸದವಳೆಂದೂ ತಿಳಿದಿದ್ದರು. ಆಯಿ ಅವ್ವನನ್ನು ನಡೆಸಿಕೊಳ್ಳುತ್ತಿದ್ದ ರೀತಿ ನೋಡಿದರೆ ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಆದರೂ ಆ ಖೋಲಿ ಈಗಲೂ ನನ್ನನ್ನು ಬಿಟ್ಟಿಲ್ಲ. ಗಾಡಿಗಳು ಶಂಟಿಂಗ್ ಮಾಡುವಾಗ ಗೋಡೆಯ ಮಾಡದಲ್ಲಿದ್ದ ತಾಟುಗಳು ಸಣ್ಣಗೆ ನಡುಗುತ್ತಿದ್ದವು. ಮೂಲೆಯಲ್ಲಿ ಮೀಯಲು, ಪಾತ್ರೆ ತೊಳೆಯಲು ಇದ್ದ ಮೋರಿಯ ಕಲ್ಲು ಮಧ್ಯಾಹ್ನದಲ್ಲೂ ತಣ್ಣಗಿರುತ್ತಿತ್ತು. ಸೀಮೆಎಣ್ಣೆಯ ಸ್ಟೋವಿನ ಮೇಲೆ ಜೋಳದ ರೊಟ್ಟಿ ಉಬ್ಬುವ ವಾಸನೆಗೆ ಪಕ್ಕದ ಮನೆಯ ಮಕ್ಕಳು ಬಂದು ಹೊಸ್ತಿಲ ಮೇಲೆ ಕೂರುತ್ತಿದ್ದರು.

ಆಯಿ ಊರು ಬಿಟ್ಟು ಬಂದರೂ ಊರನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಬಂದಿದ್ದಳು. ದಸರೆಯ ದಿನ ಇಲ್ಲಿಯವರು ಆಪ್ಟೆ ಎಲೆಯನ್ನು ಬಂಗಾರವೆಂದು ಹಂಚುತ್ತಾರೆ. ಚಾಳಿನವರು ಪ್ರೀತಿಯಿಂದ ತಂದುಕೊಟ್ಟ ಎಲೆಯನ್ನು ಆಯಿ ಮುಟ್ಟುತ್ತಲೂ ಇರಲಿಲ್ಲ. "ಬನ್ನಿ ಅಂದ್ರ ಬನ್ನಿ. ಯಾವುದರೆ ತಪ್ಪಲು ತಂದು ಬನ್ನಿ ಅಂದ್ರ ದೇವರೇನು ಕುರುಡನಾ?" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದಳು. ಪಾಪ, ಅವರಿಗೆ ಕನ್ನಡ ಬರುತ್ತಿರಲಿಲ್ಲ. ಹಳಿಯಾಚೆ ಗುಡಿಯೊಂದರ ಹಿಂದಿದ್ದ ಬನ್ನಿ ಮರಕ್ಕೆ ಕಾಕಾನನ್ನು ಅಟ್ಟಿ, ಅವನು ಮುಳ್ಳು ಚುಚ್ಚಿಸಿಕೊಂಡು ಟೊಂಗೆ ತಂದರೇ ಅವಳಿಗೆ ಸಮಾಧಾನ. ಬನ್ನಿಯಂತೆಯೇ ಹಕ್ಕಿ. ಅವಳ ತವರಿನಲ್ಲಿ ದಸರೆಯ ದಿನ ಊರ ಸೀಮೆ ದಾಟಿ ಹೋಗಿ ನೀಲಕಂಠವನ್ನು ನೋಡಿ ಕೈಮುಗಿದೇ ಮನೆಗೆ ಬರುವುದಂತೆ. ಅಷ್ಟೇ ಆಗಿದ್ದರೆ ಚೆಂದವಿತ್ತು. ಆಯಿ ಅದಕ್ಕೊಂದು ಬಾಲ ಸೇರಿಸಿದ್ದಳು. ಮನೆಯಲ್ಲಿ ತೀರ್ಮಾನವಾಗದ ಮಾತೊಂದನ್ನು ಬೆಳಿಗ್ಗೆಯೇ ಹಕ್ಕಿಗೆ ಒಪ್ಪಿಸುವುದು, ಹೊತ್ತು ಮುಳುಗುವುದರೊಳಗೆ ಅದು ಕಂಡರೆ ಆ ಕೆಲಸ ಮಾಡುವುದು, ಕಾಣದಿದ್ದರೆ ಮುಂದಿನ ದಸರೆಯ ತನಕ ಅದರ ಸೊಲ್ಲೆತ್ತಬಾರದು. ಕಲ್ಯಾಣದಲ್ಲಿ ನೀಲಕಂಠ ಎಲ್ಲಿ ಬರಬೇಕು? ವರ್ಷ ವರ್ಷವೂ ನಾವು ಕೆರೆಯ ಪಕ್ಕದ ಪಾಲಿಕೆಯ ಉದ್ಯಾನಕ್ಕೆ ಹೋಗುತ್ತಿದ್ದೆವು, ಕತ್ತು ನೋಯುವ ತನಕ ಮೇಲೆ ನೋಡುತ್ತಿದ್ದೆವು, ಹಕ್ಕಿ ಕಾಣದೆ ಮರಳುತ್ತಿದ್ದೆವು. ಅಪ್ಪ ಆ ಬಣ್ಣದ ಕಾರ್ಖಾನೆ ಬಿಡುವ ಮಾತು ಹೀಗೆಯೇ ಕೊಳೆಯಿತು. ಅವ್ವನನ್ನು ತವರಿಗೆ ಕಳಿಸುವ ಮಾತೂ ಕೊಳೆಯಿತು. ಹಕ್ಕಿ ಬರಲಿಲ್ಲವೆಂದು ಅವ್ವ ತನ್ನ ತಂದೆಯ ಮುಖವನ್ನು ಕೊನೆಗೂ ನೋಡಲಿಲ್ಲ.

ಕಸ್ತೂರತ್ತಿ ಒಂದು ಬೆಳಿಗ್ಗೆ ಕಲಬುರಗಿ ಕಡೆಯ ಗಾಡಿಯಿಂದ ಇಳಿದು, ಕೇಳಿಕೊಂಡು ಕೇಳಿಕೊಂಡು ನಮ್ಮ ಬಾಗಿಲಿಗೆ ಬಂದಳು. ಆಳಂದದ ಕಡೆ ಹಿಟ್ಟಿನ ಗಿರಣಿಯವನಿಗೆ ಅವಳನ್ನು ಕೊಟ್ಟಿದ್ದರು. ಕೈಯಲ್ಲಿ ಒಂದು ಚೀಲ, ಕಾಲಲ್ಲಿ ಚಪ್ಪಲಿ ಇಲ್ಲ. ಅವ್ವ ಮೋರಿಯಲ್ಲಿ ಅವಳಿಗೆ ಎರೆಯುವಾಗ ನಾನು ಅಲ್ಲೇ ಇದ್ದೆ. ಬೆನ್ನಿನ ಮೇಲೆ ಕಾದ ಇಕ್ಕಳದ ಗುರುತು ಎರಡು ಗೆರೆಯಾಗಿ ಎದ್ದಿತ್ತು. ಅವ್ವ ತಂಬಿಗೆ ಹಿಡಿದವಳು ಹಿಡಿದಂತೆಯೇ ನಿಂತುಬಿಟ್ಟಳು. ಆಯಿ ಬಂದು ನೋಡಿದಳು, ಅರಿಶಿಣ ತಂದು ಹಚ್ಚಿದಳು, "ಮಾಯ್ತದ" ಎಂದಳು. ಅಷ್ಟೇ ಅಂದಳು. ಆಮೇಲೆ ಗಿರಣಿಯವನ ಕಡೆಯಿಂದ ಹೆಂಡತಿಯನ್ನು ಕಳಿಸಿ ಎಂದು ಮೇಲಿಂದ ಮೇಲೆ ಹೇಳಿಕೆ ಬರತೊಡಗಿತು. ಊರಲ್ಲಿ ಮಾನದ ಪ್ರಶ್ನೆ. ಅಪ್ಪ ಆಯಿಯ ಮುಖ ನೋಡುತ್ತಿದ್ದ, ಆಯಿ ನೆಲ ನೋಡುತ್ತಿದ್ದಳು. ಆ ವರ್ಷದ ದಸರೆಯ ಬೆಳಿಗ್ಗೆ ಆಯಿ ಎಲ್ಲರನ್ನೂ ಕೂರಿಸಿ ಹೇಳಿದಳು: "ನೀಲಕಂಠ ಕಂಡ್ರ ಕಸ್ತೂರಿ ಗಂಡನ ಮನಿಗಿ ಹೋಗ್ಲಿ. ಕಾಣಲಿಲ್ಲಂದ್ರ ಮುಂದಿನ ದಸರಿ ತನ ಇಲ್ಲೇ ಇರ್ಲಿ. ಯಾರೂ ಚಕಾರ ಎತ್ತಬ್ಯಾಡ್ರಿ."

ಅದು ಅವಳ ಕರುಣೆ. ಅದನ್ನು ಹೇಳದೆ ಹೋದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಕಲ್ಯಾಣದಲ್ಲಿ ಆ ಹಕ್ಕಿ ಇಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಗಿರಣಿಯವನಿಗೆ ಇಲ್ಲ ಎಂದವಳು ಅವಳಲ್ಲ, ಹಕ್ಕಿ. ಆ ಸಂಜೆ ಉದ್ಯಾನದಲ್ಲಿ ನಾವೆಲ್ಲ ಸುಮ್ಮನೆ ಕೆರೆಯ ಗಾಳಿ ತಿನ್ನುತ್ತ ತಿರುಗಾಡಿದೆವು. ಆಯಿ ಒಮ್ಮೆಯೂ ತಲೆ ಎತ್ತಿ ನೋಡಲಿಲ್ಲ. ಕತ್ತಲಾಗುತ್ತಲೇ "ಕಾಣ್ಲಿಲ್ಲ, ನಡೀರಿ ಮನಿಗಿ" ಎಂದಳು. ಅತ್ತಿ ದಾರಿಯುದ್ದಕ್ಕೂ ನನ್ನ ಕೈ ಹಿಡಿದು ಕುಣಿದುಕೊಂಡು ಬಂದಳು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎನ್ನುತ್ತಾರಲ್ಲ, ಅವಳಿಗೆ ಒಂದು ವರ್ಷ ಸಿಕ್ಕಿತ್ತು.

ಆ ಒಂದು ವರ್ಷದಷ್ಟು ಸೊಗಸಾದ ವರ್ಷ ನನ್ನ ಬಾಳಿನಲ್ಲಿ ಮತ್ತೆ ಬರಲಿಲ್ಲ. ಅತ್ತಿ ರೊಟ್ಟಿ ಬಡಿದರೆ ಅದಕ್ಕೊಂದು ತಾಳವಿರುತ್ತಿತ್ತು, ನಾನು ತಾಟು ಹಿಡಿದು ಅದೇ ತಾಳಕ್ಕೆ ಕುಟ್ಟುತ್ತಿದ್ದೆ. ಚಾಳಿಗೆ ಬರುವ ಮೀನಿನವಳು, ಹಳೇ ಗುಜರಿ ಕೊಳ್ಳುವ ಭಂಗಾರದವನು, ಪಾತ್ರೆಗೆ ಕಲಾಯಿ ಹಾಕುವವನು, ಎಲ್ಲರ ಕೂಗನ್ನೂ ಅವಳು ಹಾಗ್ಹಾಗೇ ಕೂಗಿ ತೋರಿಸುತ್ತಿದ್ದಳು. ಒಮ್ಮೆ ಅವಳ ಕೂಗು ಕೇಳಿ ಪಕ್ಕದ ಮನೆಯವಳು ನಿಜವಾಗಿಯೂ ತಾಟು ಹಿಡಿದುಕೊಂಡು ಮೀನಿಗೆಂದು ಹೊರಗೆ ಬಂದಳು. ನಗುವಾಗ ಮುಂದಿನ ಮುರಿದ ಹಲ್ಲಿಗೆ ಸೆರಗು ಅಡ್ಡ ಹಿಡಿಯುತ್ತಿದ್ದಳು. ಅದು ಬಿದ್ದು ಮುರಿದ ಹಲ್ಲಲ್ಲ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ರಾತ್ರಿ ಮೋರಿಯ ಪಕ್ಕ ಅವಳ ಚಾಪೆ. ನಾನು ಅವಳ ಜೊತೆ ಮಲಗುತ್ತಿದ್ದೆ. ಅವಳ ತಲೆಗೂದಲಿಗೆ ಕುಸುಬೆ ಎಣ್ಣೆಯ ವಾಸನೆ. "ನೀಲಕಂಠ ಹೆಂಗಿರ್ತದ ಅತ್ತಿ?" ಎಂದು ಕೇಳಿದರೆ ಹೇಳುತ್ತಿದ್ದಳು: "ಕುಂತಾಗ ಮಣ್ಣಿನ ಬಣ್ಣ ಇರ್ತದವ್ವ, ಯಾರೂ ತಿರುಗಿ ನೋಡಂಗಿಲ್ಲ. ಹಾರಿತಂದ್ರ ಮಾತ್ರ, ಅಬ್ಬಬ್ಬ, ಮುಗಿಲೇ ಹರಿದು ರೆಕ್ಕಿ ಆದಂಗ." ನಮ್ಮ ಮನೆಯಲ್ಲಿ ಆ ಹಕ್ಕಿಯನ್ನು ಇಷ್ಟು ಸರಿಯಾಗಿ ನೋಡಿದ್ದವಳು ಅವಳೊಬ್ಬಳೇ ಇರಬೇಕೆಂದು ನಾನು ಎಣಿಸಿದ್ದೆ. ಗಿರಣಿಯ ಹಿಂದಿನ ತಂತಿಯ ಮೇಲೆ ದಿನಾ ಕೂರುತ್ತಿತ್ತಂತೆ.

ಮಳೆಗಾಲ ಮುಗಿಯುತ್ತ ಕಾಕಾನಿಗೆ ಹೆಣ್ಣು ನೋಡಿದರು. ಹೆಣ್ಣಿನ ಕಡೆಯವರು ಮನೆ ನೋಡಲು ಬಂದು ಚಹಾ ಕುಡಿದು, ಖೋಲಿಯ ನಾಲ್ಕು ಮೂಲೆಗೂ ಕಣ್ಣಾಡಿಸಿ, ಕಪ್ಪು ತೆಗೆಯುತ್ತಿದ್ದ ಅತ್ತಿಯನ್ನು ತೋರಿಸಿ, "ಈ ಹೆಣ್ಣಮಗಳು ಯಾರ್ರಿ?" ಎಂದರು. ಆಯಿ ಉತ್ತರ ಕೊಡುವ ಮೊದಲೇ ಕಾಕಾ, "ನಮ್ಮ ತಂಗಿರಿ. ನಾಲ್ಕ ದಿನ ಇದ್ದು ಹೋಗಾಕಿ" ಎಂದ. ಅತ್ತಿ ಕಪ್ಪುಗಳನ್ನು ಹಿಡಿದುಕೊಂಡೇ ಮೋರಿಗೆ ಹೋದಳು. ಅಂದಿನಿಂದ ಖೋಲಿಯ ಗಾಳಿಯೇ ಬೇರೆಯಾಯಿತು. ಮದುವೆಯಾದವರಿಗೆ ಮಲಗಲು ಮೋರಿಯ ಮೂಲೆ ಬಿಟ್ಟರೆ ಬೇರೆ ಜಾಗ ಎಲ್ಲಿದೆ, ಸೀರೆಯ ಪರದೆ ಕಟ್ಟುವುದು ಎಲ್ಲಿ ಎಂದು ಕಾಕಾ ಊಟಕ್ಕೆ ಕೂತಾಗಲೆಲ್ಲ ಲೆಕ್ಕ ಹಾಕುತ್ತಿದ್ದ. ಅತ್ತಿ ಬಡಿಸುತ್ತಿರುವಾಗಲೇ. ಆಯಿ ರೊಟ್ಟಿಯ ತಾಳ ಕೇಳಿದರೆ "ಎಷ್ಟು ಬಡೀತಿ, ತಲಿ ನೋಯ್ಲತ್ತದ" ಎನ್ನತೊಡಗಿದಳು. ಅತ್ತಿ ಕೈಯನ್ನು ಹಗುರ ಮಾಡಿದಳು. ರೊಟ್ಟಿ ದಪ್ಪ ಬರತೊಡಗಿತು. ಅದಕ್ಕೂ ಬೈಗುಳ.

ದಸರೆ ಬಂತು. ಬೆಳಿಗ್ಗೆ ಆಯಿ ಅದೇ ಮಾತನ್ನು ಹಕ್ಕಿಗೆ ಒಪ್ಪಿಸಿದಳು. ಈ ಸಲ ಅದನ್ನು ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ. ಎಂದಿಗಿಂತ ಮೊದಲೇ, ಊಟ ಮುಗಿಯುತ್ತಲೇ ಹೊರಟೆವು. ಹೋದ ವರ್ಷ ಗಾಳಿ ತಿನ್ನಲು ಬಂದಿದ್ದವರು ಈಗ ನಿಜವಾಗಿ ಹುಡುಕುತ್ತಿದ್ದರು. ಕಾಕಾ ಪ್ರತಿ ಪೊದೆಗೂ ಕಲ್ಲು ಎಸೆಯುತ್ತಿದ್ದ. ಅಪ್ಪ ಕೈ ಹಿಂದೆ ಕಟ್ಟಿಕೊಂಡು ಬೇಲಿಯುದ್ದಕ್ಕೂ ನಡೆಯುತ್ತಿದ್ದ, ಹುಡುಕುತ್ತಿದ್ದನೋ ತಪ್ಪಿಸಿಕೊಳ್ಳುತ್ತಿದ್ದನೋ ಹೇಳಲಾರೆ. ಅತ್ತಿ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ನನ್ನ ಬಳೆ ಒಡೆಯಿತು. ಬಿಸಿಲು ಇಳಿಯುತ್ತ ಬಂದಂತೆ ಅವಳ ಹಿಡಿತ ಸಡಿಲವಾಗತೊಡಗಿತು. ಇನ್ನೇನು ಹೊತ್ತು ಮುಳುಗಬೇಕು, ಇನ್ನೊಂದು ವರ್ಷ ಸಿಕ್ಕಿತು ಎನ್ನುವಾಗ ಕೆರೆಯ ದಂಡೆಯಿಂದ ಕಾಕಾ ಆಯಿಯನ್ನು ಕೂಗಿದ: "ಯವ್ವಾ! ಇಲ್ಲಿ ಬಾ! ನೀಲಿ ಹಕ್ಕಿ!"

ನೀರಿನ ಮೇಲೆ ಬಾಗಿದ ಕೊಂಬೆಯ ತುದಿಯಲ್ಲಿ ಅದು ಕೂತಿತ್ತು. ಬೆನ್ನು ನೀಲಿ, ಥಳಥಳ ಹೊಳೆಯುವ ನೀಲಿ. ಎದೆ ಬೆಳ್ಳಗೆ, ಕೊಕ್ಕು ಕೆಂಪಗೆ, ದಪ್ಪಗೆ. ನಾವು ನೋಡುತ್ತಿದ್ದಂತೆಯೇ ದುಡುಮ್ಮೆಂದು ನೀರಿಗೆ ಬಿದ್ದು ಏನನ್ನೋ ಕಚ್ಚಿಕೊಂಡು ಮತ್ತೆ ಅದೇ ಕೊಂಬೆಗೆ ಬಂತು. ಅತ್ತಿ ಮೊದಲು ನಕ್ಕಳು, ಸೆರಗು ಅಡ್ಡ ಹಿಡಿಯುವುದನ್ನೂ ಮರೆತು ನಕ್ಕಳು. "ಅದು ನೀಲಕಂಠ ಅಲ್ಲೋ ಅಣ್ಣಾ, ಮೀನ ಹಿಡಿಯೋ ಹಕ್ಕಿ!" ಎಂದಳು. ಯಾರೂ ನಗಲಿಲ್ಲ. ಆಗ ಅವಳ ದನಿ ಬದಲಾಯಿತು. "ಯವ್ವಾ, ನೋಡು ನೀನು. ಚುಂಚ ಕೆಂಪಗದ. ಎದಿ ಬೆಳ್ಳಗದ. ನೀಲಕಂಠ ಎಂದಾದ್ರೂ ನೀರಾಗ ಬೀಳ್ತದೇನು? ಹೇಳು ಯವ್ವಾ, ನೀ ಕಂಡಾಕಿ ಇದ್ದಿ, ನೀನೇ ಹೇಳು."

ಆಯಿ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು. ಬನ್ನಿಯ ಎಲೆಯ ವಿಷಯದಲ್ಲಿ ಕೂದಲೆಳೆಯಷ್ಟೂ ಬಿಟ್ಟುಕೊಡದಿದ್ದ ಮುದುಕಿ. ಅಪ್ಪ ಹತ್ತಿರ ಹೋಗಿ, "ಖರೇ ಅದೇ ಏನು ಯವ್ವಾ?" ಎಂದು ಮೆಲ್ಲಗೆ ಕೇಳಿದ. "ನನ್ನ ಕಣ್ಣಿಗಿ ಹಂಗೇ ಕಾಣ್ಲತ್ತದ" ಎಂದಳು ಆಯಿ. ಎರಡೂ ಕೈ ಜೋಡಿಸಿ ಹಣೆಗೊತ್ತಿಕೊಂಡಳು. ಕಾಕಾ ಕೈಮುಗಿದ. ಅಪ್ಪ ಕೈಮುಗಿದ. ಅವ್ವ ಸೆರಗಿನೊಳಗೆ ಕೈಯಿಟ್ಟುಕೊಂಡು ನಿಂತಿದ್ದಳು, ಆಯಿ ಅವಳತ್ತ ತಿರುಗಿ ನೋಡಿದ ಮೇಲೆ ಅವಳೂ ಮುಗಿದಳು. ಅತ್ತಿ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದಳು.

ಹಬ್ಬದ ಮಾರನೆಯ ದಿನವೇ ಅವಳನ್ನು ಗಾಡಿ ಹತ್ತಿಸಿದರು. ಹಕ್ಕಿಯ ಅಪ್ಪಣೆಗೆ ತಡ ಮಾಡಬಾರದಂತೆ. ಆಯಿ ಅವಳಿಗೆ ಹೊಸ ಸೀರೆ ಉಡಿಸಿದಳು, ಉಡಿ ತುಂಬಿದಳು, ತಲೆಗೆ ಉಳಿದಿದ್ದ ಚೆಂಡುಹೂವನ್ನೇ ಮುಡಿಸಿದಳು. ಕಲ್ಯಾಣ ಸ್ಟೇಷನ್ನಿನ ಸೇತುವೆಯ ಮೇಲೆ ಜನ ನೂಕಿಕೊಂಡು ಹೋಗುತ್ತಿದ್ದರು, ಹೂವು ಉದುರಿ ಎಲ್ಲರ ಕಾಲಡಿ ಸಿಕ್ಕಿತು. ಕಿಟಕಿಯ ಸರಳಿನೊಳಗಿಂದ ಅತ್ತಿ ನನ್ನ ಗಲ್ಲ ಮುಟ್ಟಿದಳು, ಮೀನಿನವಳ ಕೂಗನ್ನು ಸಣ್ಣ ದನಿಯಲ್ಲಿ ಕೂಗಿ ತೋರಿಸಿದಳು. ನಾನು ನಕ್ಕೆ. ಗಾಡಿ ಹೊರಟಿತು. ಅಪ್ಪ ಅವಳನ್ನು ಬಿಟ್ಟು ಬರಲು ಜೊತೆಗೆ ಹೋದವನು ಮರಳಿ ಬಂದು, ಗಿರಣಿಯವನು ಚೆನ್ನಾಗಿ ಮಾತಾಡಿಸಿದ, ಬೆಲ್ಲದ ಚಹಾ ಕೊಟ್ಟ ಎಂದು ಎರಡು ಮೂರು ಸಲ ಹೇಳಿದ.

ಕಾಕಾನ ಮದುವೆಯಾಯಿತು. ಮೋರಿಯ ಮೂಲೆಗೆ ಸೀರೆಯ ಪರದೆ ಬಂತು. ಬೇಸಿಗೆಯಲ್ಲಿ, ಮಾರ್ಕೆಟ್ಟಿನಲ್ಲಿ ಕಾಕಾನ ಜೊತೆ ಮೂಟೆ ಹೊರುವ ನಮ್ಮೂರ ಕಡೆಯವನೊಬ್ಬ ಊರಿಂದ ಬಂದು, ಒಳಗೆ ಕಾಲಿಡದೆ ಹೊಸ್ತಿಲಾಚೆಯೇ ನಿಂತು ಸುದ್ದಿ ಹೇಳಿದ. ಕಸ್ತೂರಿ ನೀರಿಗೆ ಹೋದಾಗ ಬಾವಿಯಲ್ಲಿ ಕಾಲು ಜಾರಿತಂತೆ. ನಮ್ಮ ಕಡೆ ಬಾವಿಯ ಮೆಟ್ಟಿಲುಗಳು ಸೊಸೆಯಂದಿರ ಕಾಲಿಗೆ ಮಾತ್ರ ಜಾರುತ್ತವೆ, ಎಂದೂ ಅತ್ತೆಯಂದಿರ ಕಾಲಿಗೆ ಜಾರಿದ್ದು ನಾನು ಕೇಳಿಲ್ಲ. ಅಪ್ಪ ಓಡಿದ. ಅವನು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮುಗಿಸಿದ್ದರು. ಆಯಿ ಎದೆ ಬಡಿದುಕೊಂಡು, ಮಗಳ ಗುಣಗಳನ್ನೆಲ್ಲ ಒಂದೊಂದಾಗಿ ಎತ್ತಿ ಹಾಡಿ ಹಾಡಿ ಅತ್ತಳು. ರೊಟ್ಟಿಯ ಕೈಯನ್ನೂ ಹಾಡಿದಳು. ಚಾಳಿನ ಮರಾಠಿ ಹೆಂಗಸರಿಗೆ ಭಾಷೆ ತಿಳಿಯದಿದ್ದರೂ ಅವಳ ಸುತ್ತ ಕೂತು ಕಣ್ಣೊರೆಸಿಕೊಂಡರು. ನನಗೆ ಆ ಹಾಡು ಕೇಳಿ ಕಿವಿ ಮುಚ್ಚಿಕೊಳ್ಳುವಷ್ಟು ಸಿಟ್ಟು ಬಂದಿತ್ತು, ಮತ್ತು ಅಳುವೂ ಬಂದಿತ್ತು.

ಅಪ್ಪ ಅಂದಿನಿಂದ ಒಂದೇ ಮಾತನ್ನು ಊರುಗೋಲಿನಂತೆ ಹಿಡಿದ. "ಮುದುಕಿ, ಕಣ್ಣು ಮಂಜಾಗ್ಯಾವ. ಆಕಿಗಿ ಏನು ಗೊತ್ತು? ಹಕ್ಕಿ ಗುರ್ತು ಸಿಗಲಿಲ್ಲ. ಯಾರ ತಪ್ಪೂ ಅಲ್ಲ ಇದು." ಅವ್ವನಿಗೆ ಹೇಳುತ್ತಿದ್ದ, ಚಾಳಿನವರಿಗೆ ಹೇಳುತ್ತಿದ್ದ, ಡ್ಯೂಟಿಗೆ ಹೊರಡುವಾಗ ಬಾಗಿಲಲ್ಲಿ ನಿಂತು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಕಾಕಾ ಕೂಡ ಹೌದೆನ್ನುತ್ತಿದ್ದ. ಆಯಿ ಇಲ್ಲವೆನ್ನಲಿಲ್ಲ. ಮಂಜು ಕಣ್ಣಿನ ಮುದುಕಿಗೆ ಕೊಡುವ ಗೌರವವನ್ನು ತೆಗೆದುಕೊಂಡಳು, ನಡೆಯುವಾಗ ನನ್ನ ಹೆಗಲು ಹಿಡಿಯತೊಡಗಿದಳು. ನಾನೂ ನಂಬಿದೆ. ನಂಬದೆ ಆ ಖೋಲಿಯಲ್ಲಿ ಇರುವುದು ಹೇಗೆ? ಎಲ್ಲರೂ ಒಂದೇ ಪಾತ್ರೆಯಿಂದ ಉಣ್ಣುವವರು.

ಈಗ ಅವರಲ್ಲಿ ಯಾರೂ ಇಲ್ಲ. ಅಪ್ಪನನ್ನು ಕಾರ್ಖಾನೆಯ ಬಣ್ಣ ಶ್ವಾಸಕೋಶದಿಂದ ಹಿಡಿದು ತಿಂದಿತು. ಅವ್ವ ಒಂದು ಮಳೆಗಾಲದಲ್ಲಿ ಹೋದಳು. ಚಾಳನ್ನು ಕೆಡವಿ ಅಲ್ಲಿ ಗೇಟು, ಕಾವಲಿರುವ ಎತ್ತರದ ಮನೆಗಳನ್ನು ಕಟ್ಟಿದ್ದಾರೆ. ನಮ್ಮ ಮೋರಿಯ ತಣ್ಣನೆಯ ಕಲ್ಲು ಯಾವ ಲಾರಿಯಲ್ಲಿ ಸಮುದ್ರದ ಯಾವ ಖಾಡಿ ತುಂಬಲು ಹೋಯಿತೋ. ನಿಮ್ಮ ಮನೆಯೂ ಹೀಗೆಯೇ ಎಲ್ಲೋ ಹೋಗಿರುತ್ತದೆ, ಅದರ ವಾಸನೆ ಯಾವುದೋ ಗಾಡಿಯಲ್ಲಿ ಹಿಡಿದು ಅಲುಗಿಸುತ್ತದೆ, ನಿಮಗೆ ಹೇಳಬೇಕಾಗಿಲ್ಲ. ನಾನು ಅವರೆಲ್ಲರನ್ನೂ ಪ್ರೀತಿಸಿದೆ, ಈಗಲೂ ಪ್ರೀತಿಸುತ್ತೇನೆ, ಅದೇ ದೊಡ್ಡ ತಾಪತ್ರಯ. ಅವರನ್ನು ದ್ವೇಷಿಸಿ ಕೈತೊಳೆದುಕೊಳ್ಳಬಹುದಾಗಿದ್ದರೆ ದಸರೆಯ ಗಾಡಿಯಲ್ಲಿ ನಾನೂ ಉಳಿದವರಂತೆ ಹೂವಿನ ಚೀಲ ಹಿಡಿದು ಬರುತ್ತಿದ್ದೆ.

ಆದರೆ ಅತ್ತಿ ಸತ್ತ ವರ್ಷದ ದಸರೆಯೊಂದಿದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಅವಳ ಸಾವಿಗೆ ನಮ್ಮ ಮನೆಯ ಹಬ್ಬ ನಿಲ್ಲುವ ಹಾಗಿರಲಿಲ್ಲ. ಆ ಸಲ ಹಕ್ಕಿಗೆ ಒಪ್ಪಿಸಿದ್ದು ಕಾಕಾನ ಮಾತು. ಹೆಂಡತಿಯನ್ನು ಕರೆದುಕೊಂಡು ಬೇರೆ ಖೋಲಿ ಮಾಡಬೇಕೆಂದು ಅವನಿಗೆ ಆಸೆ, ಮಗ ಬೇರೆ ಹೋಗುವುದು ಆಯಿಗೆ ಸುತಾರಾಂ ಬೇಡ. ಉದ್ಯಾನದಲ್ಲಿ ಆಯಿ ನನ್ನ ಹೆಗಲು ಹಿಡಿದು ನಡೆಯುತ್ತಿದ್ದಳು. ಕೆರೆಯ ದಂಡೆಗೆ ಬಂದಾಗ ಮುಂದೆ ಹೋಗಿದ್ದ ಕಾಕಾನ ಹೆಂಡತಿ ತಟ್ಟನೆ ನಿಂತು ಸೆರಗು ಸರಿಮಾಡಿಕೊಂಡು, "ಅತ್ತಿ, ಬರ್ರಿ ಬರ್ರಿ! ನೀಲಕಂಠ!" ಎಂದು ಆಯಿಯನ್ನು ಕೂಗಿದಳು. ಹೊಸದಾಗಿ ಬಂದವಳು, ಅವಳಿಗೇನು ಗೊತ್ತು. ನೀರಿನ ಮೇಲಿನ ಕೊಂಬೆಯಲ್ಲಿ ನೀಲಿ ಬೆನ್ನಿನ ಹಕ್ಕಿ ಕೂತಿತ್ತು. ಅಪ್ಪ ಅದನ್ನು ನೋಡಿ ಎರಡೂ ಕೈಗಳನ್ನು ಎದೆಯ ತನಕ ಎತ್ತಿದ್ದ.

ಆಯಿ ಇದ್ದ ಜಾಗದಿಂದ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ, ಕಣ್ಣಿಗೆ ಕೈಯನ್ನೂ ಅಡ್ಡ ಹಿಡಿಯಲಿಲ್ಲ. "ಅದು ನೀಲಕಂಠ ಅಲ್ಲವ್ವ, ಮೀನ ಹಿಡಿಯೋ ಹಕ್ಕಿ" ಎಂದಳು. "ಚುಂಚ ಕೆಂಪಗದ, ಕಾಣಂಗಿಲ್ಲೇನು ನಿನಗ? ನಡೀರಿ ಮುಂದ."

ಅಪ್ಪ ಎತ್ತಿದ ಕೈಗಳನ್ನು ಹಾಗೆಯೇ ಹಿಡಿದು ನಿಂತಿದ್ದ. ಅವ್ವ ಅವನನ್ನು ನೋಡಿದಳು. ಆಮೇಲೆ ಅವನು ಕೈಗಳನ್ನು ಕೆಳಗಿಳಿಸಿದ, ಮತ್ತು ನಾವೆಲ್ಲ ಆಯಿಯ ಹಿಂದೆ ಮುಂದಕ್ಕೆ ನಡೆದೆವು.